ಶಾಲೆ ತೆರೆಯುವ ಮುನ್ನ



ಮೇ ತಿಂಗಳ ಎರಡನೆಯ ವಾರದಲ್ಲಿ ಈ ಉಪನ್ಯಾಸ ಏರ್ಪಾಡಾದದ್ದು ನನಗೆ ಅನುಕೂಲವೇ ಆಯಿತು. ಬೇಸಿಗೆ ರಜೆ ಇನ್ನೂ ಮುಗಿದಿಲ್ಲ, ಶಾಲೆ ತೆರೆಯುವ ದಿನ ದೂರವೂ ಇಲ್ಲ. ಪೇಟೆಯಲ್ಲಿ ನೋಟ್‌ಬುಕ್ಕು, ಚೀಲ, ಬೂಟು, ಕೊಡೆಗಳ ವ್ಯಾಪಾರ ಶುರುವಾಗಿದೆ. ಬೀಜ, ಗೊಬ್ಬರಕ್ಕೆ ಕೂಡಿಟ್ಟ ಹಣದಿಂದ ಒಂದಿಷ್ಟು ತೆಗೆದು ಮಕ್ಕಳ ಸಾಮಾನು ಕೊಳ್ಳುವ ಮನೆಗಳೂ ಇವೆ. ಆ ಕಷ್ಟ ಸಣ್ಣದಲ್ಲ, ಆ ಸಿದ್ಧತೆಯನ್ನು ನಾನು ಹಗುರವಾಗಿ ಕಾಣುವುದೂ ಇಲ್ಲ. ಆದರೆ ಶಾಲೆಯ ಮೊದಲ ವಾರಗಳಲ್ಲಿ ಮಗುವನ್ನು ಕಾಡುವುದು ಸಾಮಾನಿನ ಕೊರತೆಗಿಂತ ಹೆಚ್ಚಾಗಿ ಪರಿಚಯದ ಕೊರತೆ. ಟೀಚರ್ ಯಾರೋ, ಪಕ್ಕದಲ್ಲಿ ಕೂರುವವರು ಯಾರೋ, ಶೌಚಾಲಯ ಎಲ್ಲಿದೆಯೋ, ಆಡುವ ಮಾತು ಯಾವುದೋ, ಗೊತ್ತಿಲ್ಲದಿದ್ದರೆ ಎಷ್ಟು ಒಳ್ಳೆಯ ಚೀಲವಿದ್ದರೂ ಮಗು ಮುದುಡಿ ಕೂರುತ್ತದೆ. ಹೊಸ ಶಾಲಾ ವರ್ಷಕ್ಕೆ ಮಗುವನ್ನು ಅಣಿಗೊಳಿಸುವುದೆಂದರೆ ಹೊಸದನ್ನು ಮೊದಲೇ ಪರಿಚಯ ಮಾಡಿಸುವುದು ಎಂಬುದು ಈ ಹೊತ್ತಿನ ನನ್ನ ಮುಖ್ಯ ಮಾತು.

ಮೊದಲು ಒಂದನೇ ತರಗತಿಗೆ ಕಾಲಿಡುವ ಮಗುವಿನ ಬಗ್ಗೆ, ಆಮೇಲೆ ರಜೆಯಲ್ಲಿ ಆಗುವ ಮರೆವಿನ ಬಗ್ಗೆ, ಮೂರನೆಯದಾಗಿ ಊರಿನ ಶಾಲೆ ಬಿಟ್ಟು ಬೇರೆ ಶಾಲೆಗೆ ಹೋಗುವ ದೊಡ್ಡ ಮಕ್ಕಳ ಬಗ್ಗೆ ಮಾತನಾಡುತ್ತೇನೆ. ಕೊನೆಯಲ್ಲಿ ದಾರಿ, ಆರೋಗ್ಯ, ಕಾಗದಪತ್ರದ ಕೆಲವು ಸಂಗತಿಗಳು. ಉದಾಹರಣೆಗಳು ಹೆಚ್ಚಾಗಿ ನಮ್ಮ ಸರ್ಕಾರಿ ಶಾಲೆಗಳವು.

ಒಂದನೇ ತರಗತಿಯಿಂದ ಶುರುಮಾಡುತ್ತೇನೆ. ಹಳ್ಳಿಯ ಬಹುಪಾಲು ಮಕ್ಕಳು ಅಂಗನವಾಡಿಯಿಂದ ಶಾಲೆಗೆ ಬರುತ್ತಾರೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅರ್ಧ ಶತಮಾನವಾದರೂ ಬಹಳ ಊರುಗಳಲ್ಲಿ ಅಂಗನವಾಡಿಗೂ ಪ್ರಾಥಮಿಕ ಶಾಲೆಗೂ ನಡುವೆ ಹೇಳಿಕೊಳ್ಳುವ ಬಳಕೆಯಿಲ್ಲ. ಎಷ್ಟೋ ಕಡೆ ಎರಡೂ ಒಂದೇ ಆವರಣದಲ್ಲಿರುತ್ತವೆ. ಆದರೂ ಅಂಗನವಾಡಿಯ ಮಗು ಜೂನ್‌ವರೆಗೆ ಒಂದನೇ ತರಗತಿಯ ಕೋಣೆಯೊಳಗೆ ಕಾಲಿಟ್ಟಿರುವುದಿಲ್ಲ. ಮೂರು ವರ್ಷ ತನ್ನನ್ನು ಎತ್ತಿ, ಉಣಿಸಿ, ಮೂಗು ಒರೆಸಿದ ಕಾರ್ಯಕರ್ತೆಯನ್ನು ಬಿಟ್ಟು, ಹೆಸರೂ ತಿಳಿಯದ ಟೀಚರ ಮುಂದೆ ಅದು ಒಂದೇ ದಿನದಲ್ಲಿ ಕೂರಬೇಕಾಗುತ್ತದೆ.

ಆ ಕಾರ್ಯಕರ್ತೆಗೆ ಪ್ರತಿ ಮಗುವೂ ಗೊತ್ತು. ಯಾವುದು ಬೇಗ ಹೆದರುತ್ತದೆ, ಯಾವುದಕ್ಕೆ ಕಿವಿ ಸರಿಯಾಗಿ ಕೇಳುವುದಿಲ್ಲ, ಯಾವುದಕ್ಕೆ ಮೊಟ್ಟೆ ಆಗದು, ಯಾವ ಮಗುವಿನ ಮನೆಯಲ್ಲಿ ಈಚೆಗೆ ಸಾವಾಗಿದೆ, ಇವೆಲ್ಲ ಅವರ ಬಾಯಲ್ಲೇ ಇರುತ್ತವೆ. ಶಾಲೆಗೆ ದಾಟುವುದು ಹೆಸರು, ಹುಟ್ಟಿದ ದಿನ, ಜಾತಿ, ಆಧಾರ್ ಸಂಖ್ಯೆ ಮಾತ್ರ. ಮೇ ಕೊನೆಯ ವಾರದಲ್ಲಿ ಒಂದನೇ ತರಗತಿಯ ಶಿಕ್ಷಕಿ ಅಂಗನವಾಡಿಗೆ ಹೋಗಿ ಒಂದು ಬೆಳಗ್ಗೆ ಮಕ್ಕಳ ನಡುವೆ ಕುಳಿತರೆ, ಕಾರ್ಯಕರ್ತೆಯೊಡನೆ ಒಂದು ಗಂಟೆ ಮಾತನಾಡಿದರೆ, ಯಾವ ಅರ್ಜಿಯಲ್ಲೂ ಸಿಗದ ತಿಳಿವಳಿಕೆ ಸಿಗುತ್ತದೆ. ಇದಕ್ಕೆ ಹಣ ಬೇಡ, ಆದೇಶಕ್ಕೆ ಕಾಯಬೇಕಾಗಿಯೂ ಇಲ್ಲ. ಶಾಲೆ ತೆರೆದ ಮೊದಲ ದಿನ ಆ ಕಾರ್ಯಕರ್ತೆಯೇ ಮಕ್ಕಳ ಕೈಹಿಡಿದು ತರಗತಿಯೊಳಗೆ ಕರೆತಂದು ಸ್ವಲ್ಪ ಹೊತ್ತು ಅಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಶಾಲಾ ಪ್ರಾರಂಭೋತ್ಸವದ ಬಗ್ಗೆಯೂ ಒಂದು ಮಾತು. ತಳಿರು ತೋರಣ, ರಂಗೋಲಿ, ಮಕ್ಕಳ ಕೈಗೆ ಹೂವು, ಮಧ್ಯಾಹ್ನದ ಊಟದಲ್ಲಿ ಸಿಹಿ, ಕೆಲವು ಊರುಗಳಲ್ಲಿ ಅಲಂಕರಿಸಿದ ಎತ್ತಿನ ಗಾಡಿಯಲ್ಲಿ ಮೆರವಣಿಗೆ, ಇವೆಲ್ಲ ನನಗೆ ಇಷ್ಟ. ಊರು ತನ್ನ ಶಾಲೆಯನ್ನು ತನ್ನದೆಂದು ಸಂಭ್ರಮಿಸುವ ದಿನ ಅದು. ಆದರೆ ಡೊಳ್ಳು, ಮೈಕು, ಭಾಷಣಗಳ ನಡುವೆ ಆರು ವರ್ಷದ ಮಗು ಬೆದರುವುದೂ ಉಂಟು. ಪುಟ್ಟ ಮಕ್ಕಳನ್ನು ಬಿಸಿಲಲ್ಲಿ ಗಂಟೆಗಟ್ಟಲೆ ಸಾಲಾಗಿ ನಿಲ್ಲಿಸಬೇಡಿ. ಅವರಿಗೆ ಆ ದಿನ ಬೇಕಾದದ್ದು ಶಾಲೆಯನ್ನು ಸುತ್ತಿ ನೋಡುವುದು: ಇದು ನೀರಿನ ನಲ್ಲಿ, ಇದು ಬಿಸಿಯೂಟದ ಕೋಣೆ, ಇವರು ಅಡುಗೆಯ ಅಮ್ಮ, ಇದು ಶೌಚಾಲಯ. ‘ಒಂದಕ್ಕೆ ಹೋಗಬೇಕು ಮಿಸ್’ ಎಂದು ಕೇಳಲು ನಾಚಿ, ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡ ಮಗು ಮರುದಿನ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುತ್ತದೆ. ಆ ಹೊಟ್ಟೆನೋವನ್ನು ಸೋಮಾರಿತನವೆಂದು ನಾವು ತಿಳಿಯುತ್ತೇವೆ.

ಮನೆಯವರಲ್ಲೂ ಒಂದು ವಿನಂತಿ. ಏಪ್ರಿಲ್, ಮೇ ತಿಂಗಳಲ್ಲಿ ಮಗು ಹಟ ಹಿಡಿದಾಗಲೆಲ್ಲ ‘ತಡಿ, ಶಾಲೆ ಶುರುವಾಗ್ಲಿ, ಮೇಷ್ಟ್ರಿಗೆ ಹೇಳಿ ಬಾರಿಸ್ತೀನಿ’ ಎನ್ನುವುದು ನಮ್ಮಲ್ಲಿ ರೂಢಿ. ಪ್ರೀತಿಯಿಂದಲೇ ಆಡುವ ಮಾತದು. ಆದರೂ ಮಗು ಇನ್ನೂ ಕಂಡಿರದ ವ್ಯಕ್ತಿಯನ್ನು ನಾವು ಗುಮ್ಮನನ್ನಾಗಿ ಮಾಡಿಬಿಟ್ಟಿರುತ್ತೇವೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಕಾಯ್ದೆ ತೆಗೆದುಹಾಕಿದ ಭಯವನ್ನು ನಾವು ಮನೆಯ ಜಗಲಿಯಲ್ಲಿ ಕೂತು ಮತ್ತೆ ಬಿತ್ತುವುದು ಬೇಡ. ಅಕ್ಷರಾಭ್ಯಾಸದ ದಿನ ಮಗುವನ್ನು ಹಿರಿಯರು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆರಳು ಹಿಡಿದು ಅಕ್ಕಿಯಲ್ಲಿ ಬರೆಸುತ್ತಾರಲ್ಲವೇ? ಮೊದಲ ಅಕ್ಷರ ತನ್ನವರ ಮಡಿಲಲ್ಲಿ ಮೂಡಲಿ ಎಂಬ ವಿವೇಕ ಆ ಪದ್ಧತಿಯಲ್ಲಿದೆ.

ವಯಸ್ಸಿನ ವಿಚಾರದಲ್ಲಿ ತಾಯಿತಂದೆಯರಿಗೆ ಈಚೆಗೆ ಬಹಳ ಆತಂಕ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025–26ನೇ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಕೆಲವು ದಿನಗಳ ಅಂತರದಿಂದ ಒಂದು ವರ್ಷ ‘ಹಾಳಾಯಿತು’ ಎಂದು ಕೊರಗುವವರನ್ನು ನೋಡಿದ್ದೇನೆ. ಆ ವರ್ಷ ಹಾಳಾಗುವುದಿಲ್ಲ. ಐದೂವರೆ ವರ್ಷದ ಮಗುವಿನ ಬೆರಳಿಗೂ ಆರೂವರೆ ವರ್ಷದ ಮಗುವಿನ ಬೆರಳಿಗೂ ಇರುವ ಬಲದ ವ್ಯತ್ಯಾಸ ಎಷ್ಟೆಂಬುದು ಪೆನ್ಸಿಲ್ ಹಿಡಿಸಿ ನೋಡಿದ ಶಿಕ್ಷಕಿಯರಿಗೆ ಗೊತ್ತು. ಮಣ್ಣು, ಹಾಡು, ಕಥೆ, ಕತ್ತರಿ, ಬಣ್ಣಗಳ ನಡುವೆ ಇನ್ನೊಂದು ವರ್ಷ ಕಳೆದ ಮಗು ಮುಂದೆ ಕಲಿಕೆಯಲ್ಲಿ ಹಗುರವಾಗಿ ನಡೆಯುತ್ತದೆ.

ಭಾಷೆಯ ಮಾತನ್ನು ಇಲ್ಲೇ ಸೇರಿಸುತ್ತೇನೆ. ವಿಜಯಪುರ, ಕಲಬುರಗಿ ಕಡೆಯ ತಾಂಡಾಗಳ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ. ಕೋಲಾರ, ಬಳ್ಳಾರಿಯಲ್ಲಿ ತೆಲುಗು, ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಗಡಿಯಲ್ಲಿ ಮರಾಠಿ, ಊರೂರಲ್ಲೂ ಉರ್ದು. ಈ ಮಕ್ಕಳಿಗೆ ಕನ್ನಡ ಶಾಲೆಯ ಮೊದಲ ದಿನ ಎಂದರೆ ಅರ್ಧಂಬರ್ಧ ತಿಳಿಯುವ ಮಾತಿನ ನಡುವೆ ಐದಾರು ಗಂಟೆ ಕೂರುವುದು. ನೀರು, ಹಸಿವು, ನೋವು, ಅಮ್ಮ, ಬಾ, ಕೂತುಕೋ ಎಂಬಂಥ ಇಪ್ಪತ್ತು ಮೂವತ್ತು ಮಾತುಗಳನ್ನು ಮಕ್ಕಳ ಮನೆಮಾತಿನಲ್ಲಿ ಕಲಿತು ಜೂನ್‌ಗೆ ಹೋಗುವ ಶಿಕ್ಷಕರು ಅರ್ಧ ಗೆದ್ದಂತೆಯೇ. ಮುಂದೆ ಶಿಕ್ಷಕರಾಗಲಿರುವ ವಿದ್ಯಾರ್ಥಿ ಮಿತ್ರರೇ, ನಿಮ್ಮ ಮೊದಲ ನೇಮಕಾತಿ ಯಾವ ಊರಿಗಾದರೂ ಆಗಬಹುದು. ಆ ಊರಿನ ಮಾತನ್ನು ಮಕ್ಕಳಿಂದಲೇ ಕೇಳಿ ಕಲಿಯಿರಿ. ಕಲಿಸುವವರು ತಮ್ಮಿಂದ ಕಲಿಯುತ್ತಿದ್ದಾರೆಂದು ತಿಳಿದಾಗ ಮಕ್ಕಳ ಮುಖ ಹೇಗಾಗುತ್ತದೆಂಬುದನ್ನು ನೀವೇ ಕಾಣುವಿರಿ.

ಇನ್ನು ಎರಡನೆಯ ವಿಷಯ: ರಜೆಯ ಮರೆವು.

ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ನಮ್ಮ ಮಕ್ಕಳಿಗೆ ಸುಮಾರು ಏಳು ವಾರ ರಜೆ. ಈ ಏಳು ವಾರದಲ್ಲಿ ಎರಡನೇ ತರಗತಿಯ ಮಗು ಒತ್ತಕ್ಷರ ಮರೆಯುತ್ತದೆ, ನಾಲ್ಕನೆಯದು ದಶಕ ತೆಗೆದುಕೊಂಡು ಕಳೆಯುವುದನ್ನು ಮರೆಯುತ್ತದೆ. ಇದು ದಡ್ಡತನವಲ್ಲ, ಬಳಸದ ಕೌಶಲ ಜಾರುವುದು ಸಹಜ. ರಜೆ ಬಹಳ ಉದ್ದವಾದರೆ ಏನಾಗುತ್ತದೆಂಬುದನ್ನು ಕೋವಿಡ್ ತೋರಿಸಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ನಮ್ಮ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಆರಂಭದಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ, ಹಿಂದಿನ ವರ್ಷ ಇದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಶೇ. 92ರಷ್ಟು ಮಕ್ಕಳೂ, ಕನಿಷ್ಠ ಒಂದು ಗಣಿತ ಸಾಮರ್ಥ್ಯವನ್ನು ಶೇ. 82ರಷ್ಟು ಮಕ್ಕಳೂ ಕಳೆದುಕೊಂಡಿದ್ದರು. ಕಲಿಯದೆ ಉಳಿದ ಹೊಸ ಪಾಠಗಳ ಲೆಕ್ಕ ಇದಲ್ಲ. ಕಲಿತದ್ದೇ ಕೈಜಾರಿದ ಲೆಕ್ಕ.

ನಮ್ಮ ಇಲಾಖೆ ಈ ಮರೆವನ್ನು ಬಹಳ ಹಿಂದೆಯೇ ಗುರುತಿಸಿದೆ. ಪ್ರತಿ ಜೂನ್‌ನಲ್ಲಿ ನಡೆಯುವ ಸೇತುಬಂಧ ಕಾರ್ಯಕ್ರಮ ಇಲ್ಲಿರುವ ಶಿಕ್ಷಕರಿಗೆಲ್ಲ ಗೊತ್ತು: ಮೊದಲು ನೈದಾನಿಕ ಪರೀಕ್ಷೆ, ಆಮೇಲೆ ಹಿಂದಿನ ತರಗತಿಯ ಬುನಾದಿ ಸಾಮರ್ಥ್ಯಗಳ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಯೋಚನೆ ಚೆನ್ನಾಗಿದೆ. ಆದರೆ ಎಷ್ಟೋ ಕಡೆ ಅದು ಪ್ರಶ್ನೆಪತ್ರಿಕೆ, ಅಂಕಪಟ್ಟಿ, ವರದಿಗಳ ಕಡತವಾಗಿ ಮುಗಿಯುತ್ತದೆ. ಶಾಲೆಗೆ ಬಂದ ಮೊದಲ ವಾರವೇ ಪರೀಕ್ಷೆ ಬರೆಯುವ ಮಗುವಿಗೆ ತಾನು ಏನು ಮರೆತಿದ್ದೇನೆ ಎಂಬುದೇ ಹೊಸ ವರ್ಷದ ಮೊದಲ ಪಾಠವಾಗುತ್ತದೆ. ಅದೇ ಪರೀಕ್ಷೆಯನ್ನು ಮಾತಿನಲ್ಲಿ, ಆಟದಲ್ಲಿ ಮಾಡಬಹುದು. ಮಗು ರಜೆಯಲ್ಲಿ ಹೋದ ಜಾತ್ರೆಯ ಬಗ್ಗೆ ನಾಲ್ಕು ವಾಕ್ಯ ಬರೆಯಲಿ, ಒತ್ತಕ್ಷರದ ಸ್ಥಿತಿ ತಿಳಿಯುತ್ತದೆ. ಜಾತ್ರೆಯಲ್ಲಿ ಐವತ್ತು ರೂಪಾಯಿ ಹೇಗೆ ಖರ್ಚಾಯಿತೆಂದು ಹೇಳಲಿ, ಕಳೆಯುವ ಲೆಕ್ಕ ತಿಳಿಯುತ್ತದೆ. ಶಿಕ್ಷಕರ ದಾಖಲೆಗೆ ಬೇಕಾದದ್ದೂ ಸಿಕ್ಕಿತು, ಮಗುವಿಗೆ ಅವಮಾನವೂ ಆಗಲಿಲ್ಲ.

ಮನೆಯಲ್ಲಿ ಏನು ಮಾಡಬೇಕೆಂದು ತಾಯಂದಿರು ಕೇಳುತ್ತಾರೆ. ರಜೆಯನ್ನೆಲ್ಲ ಟ್ಯೂಷನ್‌ಗೆ ಕೊಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಜ್ಜಿಮನೆ, ಕೆರೆ, ಮಾವಿನ ತೋಪು, ಲಗೋರಿ ಇವು ಕಲಿಕೆಯ ವೈರಿಗಳಲ್ಲ. ರಜೆಯ ಕೊನೆಯ ಎರಡು ವಾರ, ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದಿಸಿದರೆ ಸಾಕು. ಏನನ್ನು ಓದಬೇಕೆಂಬುದು ದೊಡ್ಡ ಪ್ರಶ್ನೆಯಲ್ಲ. ಪೇಪರಿನ ತಲೆಬರಹ, ಮದುವೆಯ ಕರೆಯೋಲೆ, ಬಸ್ಸಿನ ಬೋರ್ಡು, ಕಥೆಯ ಪುಸ್ತಕ ಯಾವುದಾದರೂ ಆದೀತು. ಓದು ಬಾರದ ತಾಯಿಯೂ ‘ನನಗೆ ಓದಿ ಹೇಳು ಮಗಾ’ ಎಂದು ಪಕ್ಕದಲ್ಲಿ ಕೂರಬಹುದು, ಮಗುವಿಗೆ ಅದಕ್ಕಿಂತ ಒಳ್ಳೆಯ ಕೇಳುಗರಿಲ್ಲ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ‘ಓದುವ ಬೆಳಕು’ ಆರಂಭವಾದಂದಿನಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಮೇ ತಿಂಗಳಲ್ಲಿ ಅವುಗಳ ಬಾಗಿಲು ಮಕ್ಕಳಿಗೆ ಹೊಂದುವ ಹೊತ್ತಿನಲ್ಲಿ ತೆರೆದಿರುವಂತೆ ಪಂಚಾಯಿತಿ ಸದಸ್ಯರು ನೋಡಿಕೊಳ್ಳಬೇಕು.

ಇದೇ ಸಂದರ್ಭದಲ್ಲಿ ಯಾರೂ ಹೆಚ್ಚು ಗಮನಿಸದ ಒಂದು ಸಂಗತಿ ಹೇಳುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಪ್ರಯೋಗವಾಗಿ ಆರಂಭವಾದ ನಲಿಕಲಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹರಡಿತು. ಅಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಗುಂಪು ಒಡೆಯುತ್ತದೆ. ಬೆಂಚು, ಪಠ್ಯಪುಸ್ತಕ, ವಿಷಯಕ್ಕೊಂದು ಪೀರಿಯಡ್ಡು, ಎಲ್ಲರಿಗೂ ಒಂದೇ ವೇಗ. ನಾಲ್ಕನೇ ತರಗತಿಯಲ್ಲಿ ಮಗು ಮಂಕಾಯಿತು ಎಂದು ಹೇಳುವ ತಂದೆತಾಯಿಗಳಿಗೆ ಈ ಬದಲಾವಣೆ ಗೊತ್ತೇ ಇರುವುದಿಲ್ಲ. ಮೂರನೇ ತರಗತಿಯ ಫೆಬ್ರವರಿ, ಮಾರ್ಚ್‌ನಲ್ಲೇ ನಾಲ್ಕನೆಯದರ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟು, ಒಂದೆರಡು ಪಾಠ ಒಟ್ಟಿಗೆ ಓದುವುದು, ನಾಲ್ಕನೇ ತರಗತಿಯವರ ಪಕ್ಕ ಕೂರಿಸುವುದು ಕಷ್ಟದ ಕೆಲಸವೇನಲ್ಲ.

ಈಗ ಮೂರನೆಯ ವಿಷಯಕ್ಕೆ ಬರುತ್ತೇನೆ. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದೂ ಇದೇ.

ಒಂದನೇ ತರಗತಿಯ ಮಗು ಅತ್ತರೆ ಎಲ್ಲರಿಗೂ ಕೇಳುತ್ತದೆ. ಎಂಟನೇ ತರಗತಿಗೆ ಹೋಗುವ ಹದಿಮೂರರ ಹುಡುಗಿ ಅಳುವುದಿಲ್ಲ. ನಮ್ಮ ಬಹಳ ಊರುಗಳಲ್ಲಿ ಶಾಲೆ ಐದನೇ ತರಗತಿಗೆ, ಇಲ್ಲವೇ ಏಳಕ್ಕೆ ಮುಗಿಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಎಂಟನೇ ತರಗತಿ ಪ್ರಾಥಮಿಕ ಶಿಕ್ಷಣದ ಭಾಗವೇ, ಆದರೆ ನಮ್ಮಲ್ಲಿ ಅದು ಹೆಚ್ಚಾಗಿ ಪ್ರೌಢಶಾಲೆಯಲ್ಲಿದೆ, ಪ್ರೌಢಶಾಲೆ ಹೋಬಳಿ ಕೇಂದ್ರದಲ್ಲಿದೆ. ಏಳು ವರ್ಷ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಶಾಲೆಯಲ್ಲಿ ಕಲಿತ ಹುಡುಗಿ ಬಸ್ಸು ಹಿಡಿದು, ಐದಾರು ಊರಿನ ಮಕ್ಕಳ ನಡುವೆ, ವಿಷಯಕ್ಕೊಬ್ಬರಂತೆ ಬದಲಾಗುವ ಶಿಕ್ಷಕರ ಮುಂದೆ ಕೂರಬೇಕು. ಮೈಯೂ ಮನಸ್ಸೂ ಬದಲಾಗುತ್ತಿರುವ ವಯಸ್ಸು. ಮುಟ್ಟಿನ ದಿನ ಆ ಹೊಸ ಶಾಲೆಯಲ್ಲಿ ಯಾರನ್ನು ಕೇಳಬೇಕು, ಎಲ್ಲಿಗೆ ಹೋಗಬೇಕು ಎಂಬುದು ತಿಳಿಯದೆ ತಿಂಗಳಿಗೆ ಮೂರು ನಾಲ್ಕು ದಿನ ಮನೆಯಲ್ಲಿ ಉಳಿಯುವವರಿದ್ದಾರೆ. ಶಾಲೆ ಬಿಡುವ ಹುಡುಗಿಯರ ಹಾಜರಿಯನ್ನು ಹಿಂದಕ್ಕೆ ತಿರುವಿ ನೋಡಿದರೆ ಮೊದಲು ಕಾಣುವುದು ಇಂಥ ಬಿಡಿಬಿಡಿ ಗೈರುಹಾಜರಿ.

ಸರ್ಕಾರಗಳು ಈ ದಾರಿಯನ್ನು ಸುಗಮಗೊಳಿಸಲು ಯತ್ನಿಸಿವೆ. 2006–07ರಲ್ಲಿ ಆರಂಭವಾದ ಎಂಟನೇ ತರಗತಿಯವರ ಉಚಿತ ಸೈಕಲ್ ಯೋಜನೆ ಕೋವಿಡ್ ವರ್ಷಗಳಲ್ಲಿ ನಿಂತಿತು. ಆ ಸೈಕಲ್ಲುಗಳು ಹಳ್ಳಿಯ ಹುಡುಗಿಯರಿಗೆ ದಾರಿಯ ಮೇಲಿನ ಅಧಿಕಾರವನ್ನೇ ಕೊಟ್ಟಿದ್ದವು ಎಂದು ನಾನು ನಂಬಿದ್ದೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹುಡುಗಿಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಆದರೆ ಶಾಲೆಯ ಹೊತ್ತಿಗೆ ಬಸ್ಸು ಬಾರದಿದ್ದರೆ ಟಿಕೆಟ್ ಇಲ್ಲದಿರುವುದರಿಂದ ಏನು ಬಂತು? ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಮೇ ತಿಂಗಳಲ್ಲೇ ಯಾವ ಯಾವ ಊರಿನಿಂದ ಎಷ್ಟು ಮಕ್ಕಳು ಬರುತ್ತಾರೆಂದು ಪಟ್ಟಿ ಮಾಡಿ ಡಿಪೊಗೆ ಕೊಟ್ಟರೆ, ಜುಲೈನಲ್ಲಿ ಮಕ್ಕಳು ಬಸ್ಸಿಗಾಗಿ ರಸ್ತೆ ತಡೆದು ಕೂರುವ ಪರಿಸ್ಥಿತಿ ಬರುವುದು ಕಡಿಮೆಯಾದೀತು.

ಪ್ರೌಢಶಾಲೆಗಳಿಗೆ ನನ್ನ ಸಲಹೆ ಇದು. ಮಾರ್ಚ್‌ನಲ್ಲಿ ಸುತ್ತಲಿನ ಏಳನೇ ತರಗತಿಯ ಮಕ್ಕಳನ್ನು ಒಂದು ದಿನ ಶಾಲೆಗೆ ಕರೆಯಿರಿ. ಭಾಷಣ ಬೇಡ. ಪ್ರಯೋಗಾಲಯ ತೋರಿಸಿ, ಬಿಸಿಯೂಟ ಹಾಕಿ, ಒಂದು ಕಬಡ್ಡಿ, ಒಂದು ಥ್ರೋಬಾಲ್ ಆಡಿಸಿ. ಅದೇ ಊರಿನಿಂದ ಬಂದು ಈಗ ಒಂಬತ್ತನೇ ತರಗತಿಯಲ್ಲಿರುವ ಅಕ್ಕನೊಬ್ಬಳನ್ನು ಗುರುತಿಸಿ, ಹೊಸಬರನ್ನು ಅವಳಿಗೆ ಒಪ್ಪಿಸಿ. ಜೂನ್‌ನಲ್ಲಿ ಬಸ್ಸು ಹತ್ತುವಾಗ ಆ ಅಕ್ಕ ಜೊತೆಗಿದ್ದಾಳೆಂದರೆ ಮನೆಯವರ ಭಯವೂ ಅರ್ಧ ಇಳಿಯುತ್ತದೆ.

ಮಾಧ್ಯಮ ಬದಲಿಸುವ ಮಕ್ಕಳದ್ದು ಇನ್ನೊಂದು ಕಷ್ಟ. ಏಳರವರೆಗೆ ಕನ್ನಡದಲ್ಲಿ ಕಲಿತು ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವವರು, ಹತ್ತರವರೆಗೆ ಕನ್ನಡದಲ್ಲಿ ಕಲಿತು ಪಿಯುಸಿ ವಿಜ್ಞಾನಕ್ಕೆ ಹೋಗುವವರು ಮೊದಲ ತಿಂಗಳಲ್ಲೇ ತಮಗೇನೂ ಬರುವುದಿಲ್ಲವೆಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ನಿಜವಾಗಿ ಅವರಿಗೆ ಬಹಳಷ್ಟು ಬರುತ್ತದೆ. ಲ.ಸಾ.ಅ. ಮಾಡಬಲ್ಲ ಹುಡುಗ ಎಲ್‌ಸಿಎಂ ಎಂಬ ಹೆಸರಿಗೆ ಹೆದರಿರುತ್ತಾನೆ, ದ್ಯುತಿಸಂಶ್ಲೇಷಣೆಯನ್ನು ಚಿತ್ರ ಬರೆದು ವಿವರಿಸಬಲ್ಲ ಹುಡುಗಿ ಫೋಟೋಸಿಂಥಸಿಸ್ ಎಂದೊಡನೆ ತಲೆ ತಗ್ಗಿಸುತ್ತಾಳೆ. ರಜೆಯಲ್ಲಿ ಗಣಿತ, ವಿಜ್ಞಾನದ ಹಳೆಯ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು, ಬಲ್ಲ ವಿಷಯಗಳ ಇಂಗ್ಲಿಷ್ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದ ಮಕ್ಕಳಿಗೆ ಈ ಭಯ ಬಹಳ ಕಡಿಮೆ. ಕಾಲೇಜಿನ ಉಪನ್ಯಾಸಕರು ಮೊದಲ ತಿಂಗಳು ಎರಡೂ ಹೆಸರು ಹೇಳಿ ಪಾಠ ಮಾಡಿದರೆ ಅವರ ಘನತೆಗೇನೂ ಕುಂದಿಲ್ಲ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ನವೋದಯಕ್ಕೂ ಆರನೇ ತರಗತಿಗೆ ಸೇರುವ ಮಕ್ಕಳು ಹನ್ನೊಂದರ ವಯಸ್ಸಿಗೆ ಮನೆ ಬಿಡುತ್ತಾರೆ. ಸೀಟು ಸಿಕ್ಕ ಸಂತೋಷದಲ್ಲಿ ಮಗುವಿನ ಅಗಲಿಕೆಯ ನೋವನ್ನು ಮರೆಯಬಾರದು. ತನ್ನ ಬಟ್ಟೆ ಒಗೆಯುವುದು, ತಲೆ ಬಾಚಿಕೊಳ್ಳುವುದು, ಹುಷಾರಿಲ್ಲದಾಗ ಹೇಳಿಕೊಳ್ಳುವುದು, ಇವನ್ನು ಮೇ ತಿಂಗಳಲ್ಲಿ ಮನೆಯಲ್ಲೇ ರೂಢಿ ಮಾಡಿಸಿ. ಮನೆಯವರು ನೋಡಲು ಬರುವ ದಿನ ಯಾವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೊಡಿ. ಆ ದಿನ ತಪ್ಪಿಸಬೇಡಿ.

ಉಳಿದ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ.

ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ರಜೆಯಲ್ಲಿ ರಾತ್ರಿ ಹನ್ನೊಂದರವರೆಗೆ ಮೊಬೈಲು ಹಿಡಿದ ಮಗು ಶಾಲೆ ತೆರೆದ ದಿನ ಒಮ್ಮೆಗೇ ಬದಲಾಗದು. ಹತ್ತು ದಿನ ಮೊದಲಿಂದಲೇ ಮಲಗುವ ಹೊತ್ತನ್ನು ಸ್ವಲ್ಪ ಸ್ವಲ್ಪ ಹಿಂದಕ್ಕೆ ತನ್ನಿ. ಕಣ್ಣು ಪರೀಕ್ಷಿಸಿ. ಬೋರ್ಡು ಮಸುಕಾಗಿ ಕಾಣುವ ಮಗುವಿಗೆ ಎಲ್ಲರಿಗೂ ಹಾಗೇ ಕಾಣುತ್ತದೆ ಎಂದೇ ಭಾವನೆ, ಅದು ದೂರು ಹೇಳುವುದಿಲ್ಲ. ಐದಾರು ವರ್ಷದಲ್ಲಿ ಕೊಡಬೇಕಾದ ಡಿಪಿಟಿ ಬೂಸ್ಟರ್ ಆಗಿದೆಯೇ ಎಂದು ತಾಯಿ ಕಾರ್ಡು ನೋಡಿ. ಚೀಲದ ಭಾರಕ್ಕೆ 2019ರಲ್ಲೇ ನಮ್ಮ ರಾಜ್ಯ ಮಿತಿ ಹೇಳಿದೆ: ಒಂದು, ಎರಡನೇ ತರಗತಿಗೆ 2 ಕಿಲೋ ಮೀರಬಾರದು, ಹತ್ತನೆಯವರಿಗೂ 5 ಕಿಲೋ ಮೀರಬಾರದು. ತಕ್ಕಡಿ ಶಾಲೆಯಲ್ಲೇ ಇರುತ್ತದೆ, ಒಮ್ಮೆ ತೂಗಿ ನೋಡಿ.

ದಾರಿಯ ವಿಷಯದಲ್ಲಿ ಕರಾವಳಿ, ಮಲೆನಾಡಿನವರಿಗೆ ವಿಶೇಷವಾಗಿ ಹೇಳಬೇಕು. ಅಲ್ಲಿ ಶಾಲೆ ತೆರೆಯುವುದೂ ಮುಂಗಾರು ಇಳಿಯುವುದೂ ಒಂದೇ ವಾರದಲ್ಲಿ. ಹಳ್ಳ ದಾಟಲು ಅಡಿಕೆ ಮರದ ಕಾಲುಸಂಕವೇ ಗತಿಯಾಗಿರುವ ಊರುಗಳು ಇನ್ನೂ ಇವೆ, ಮಕ್ಕಳು ಹೊಳೆಪಾಲಾದ ದುಃಖವನ್ನೂ ಆ ಊರುಗಳು ಉಂಡಿವೆ. ಸಂಕಕ್ಕೆ ಕೈಹಿಡಿ ಕಟ್ಟುವ, ಕೊಳೆತ ಮರ ಬದಲಿಸುವ ಕೆಲಸ ಮೇ ತಿಂಗಳಲ್ಲಿ ಆಗಬೇಕು, ದೊಡ್ಡ ಮಳೆಯಲ್ಲಿ ಸಂಕ ದಾಟಲೇಬೇಕಾದ ಮಕ್ಕಳಿಗೆ ಹಾಜರಿಯ ಒತ್ತಾಯ ಇರಬಾರದು.

ಕಾಗದಪತ್ರ: ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ಮೂರರಲ್ಲೂ ಮಗುವಿನ ಹೆಸರು ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೂ ಜನ್ಮದಿನವೂ ಜೀವನಪೂರ್ತಿ ಜೊತೆಗೆ ಬರುತ್ತವೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಜೂನ್‌ನ ನೂಕುನುಗ್ಗಲಿಗೆ ಮೊದಲೇ ಅರ್ಜಿ ಹಾಕಿ. ಆದರೆ ಕಾಗದ ಇಲ್ಲವೆಂಬ ಕಾರಣಕ್ಕೆ ಮಗುವನ್ನು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲದಿದ್ದರೂ ಪ್ರವೇಶ ನಿರಾಕರಿಸಬಾರದು, ಟಿಸಿ ತಡವಾಯಿತೆಂದು ಪ್ರವೇಶ ತಡೆಯಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ.

ಈ ಮಾತು ಯಾರಿಗಿಂತಲೂ ಹೆಚ್ಚಾಗಿ ಗುಳೆ ಹೋದ ಕುಟುಂಬಗಳ ಮಕ್ಕಳಿಗೆ ಅನ್ವಯಿಸುತ್ತದೆ. ಬೀದರ್, ಕಲಬುರಗಿ, ವಿಜಯಪುರದಿಂದ ಕಬ್ಬು ಕಡಿಯಲು ಹೋದವರು, ಯಾದಗಿರಿ, ರಾಯಚೂರಿನಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ಊರಿಗೆ ಮರಳುವ ದಿನ ಶಾಲೆಯ ಕ್ಯಾಲೆಂಡರಿಗೆ ಹೊಂದುವುದಿಲ್ಲ. ಆ ಮಕ್ಕಳು ಜೂನ್ ಕೊನೆಗೋ ಜುಲೈನಲ್ಲೋ ಬರುತ್ತಾರೆ. ಆ ಹೊತ್ತಿಗೆ ಪುಸ್ತಕ ಹಂಚಿ ಮುಗಿದಿರುತ್ತದೆ, ಸಮವಸ್ತ್ರದ ಅಳತೆ ಹೋಗಿರುತ್ತದೆ, ಸೇತುಬಂಧ ಮುಗಿದಿರುತ್ತದೆ. ಮುಖ್ಯಶಿಕ್ಷಕರು ಇಂಥ ಮಕ್ಕಳ ಪಟ್ಟಿಯನ್ನು ಮೊದಲೇ ಮಾಡಿ, ಅವರ ಪಾಲಿನ ಪುಸ್ತಕ ಎತ್ತಿಟ್ಟು, ಬಂದ ದಿನದಿಂದ ಅವರಿಗೆ ಬೇರೆಯಾಗಿ ಎರಡು ವಾರದ ಸೇತುಬಂಧ ನಡೆಸಬೇಕು. ಇಲ್ಲಿ ತರಬೇತಿ ಪಡೆಯುತ್ತಿರುವ ವಿದ್ಯಾರ್ಥಿಗಳು ಆ ಕೆಲಸಕ್ಕೆ ಹತ್ತಿರದ ಶಾಲೆಗಳಿಗೆ ಹೋಗುವಂತೆ ಏರ್ಪಾಡು ಮಾಡಬೇಕೆಂದು ಪ್ರಾಂಶುಪಾಲರನ್ನು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.